ಗೇಟಿನಿಂದಾಚೆಗೊಂದು ಕುರ್ಚಿ

ನಮ್ಮ ಸೋದರಮಾವನಷ್ಟು ಧೈರ್ಯವಂತರು ಇಡೀ ಹಾಸನ ಜಿಲ್ಲೆಯಲ್ಲೇ ಇಲ್ಲವೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಹತ್ತಿರದಲ್ಲಿ ಸೂಜಿ ಇರಬಾರದು, ಅಷ್ಟೆ! ಅರಕಲಗೂಡಿನ ನಮ್ಮ ಶುಂಠಿ ಹೊಲಕ್ಕೆ ಬಂದ ನಾಗರಹಾವನ್ನು ಬಾಲ ಹಿಡಿದು ಆಚೆ ಬಿಟ್ಟವರು ಅವರು. ಅಲ್ಲಾಡುತ್ತಿದ್ದ ದವಡೆ ಹಲ್ಲನ್ನು ತಾವೇ ಕಿತ್ತುಕೊಂಡವರು. ಆದರೆ ಅತ್ತೆ ಅಂಗಿಗೆ ಗುಂಡಿ ಹೊಲಿಯಲು ಕೂತರೆ ಮೆಲ್ಲಗೆ ಎದ್ದು ಬೀದಿಗೆ ಹೋಗಿಬಿಡುತ್ತಾರೆ.

ಇಂಥವರು ಕೆಲಸಕ್ಕಿದ್ದದ್ದು ಎಲ್ಲಿ ಗೊತ್ತೆ? ಹಾಸನದ ಹೊರವಲಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ! ಒಳಗೆಲ್ಲ ಸೂಜಿಯದೇ ಸದ್ದು; ಇವರು ಗೇಟಿನ ವಾಚ್‌ಮನ್. ಅಲ್ಲೇ ಆಫೀಸಿನಲ್ಲಿ ನಾನು ಗುಮಾಸ್ತ.

ಕೊರೋನಾ ಎರಡನೇ ಅಲೆ ತಗ್ಗಿ ಕಾರ್ಖಾನೆ ಮತ್ತೆ ತೆರೆದಾಗ ಮ್ಯಾನೇಜರು ನೋಟಿಸು ಅಂಟಿಸಿದರು: ಲಸಿಕೆ ಹಾಕಿಸದವರು ಗೇಟಿನೊಳಗೆ ಬರುವಂತಿಲ್ಲ. ಹಾಕಿಸಿಕೊಂಡವರಿಗೆ ಸಂಬಳ ಸಮೇತ ಒಂದು ದಿನ ರಜೆ; ಗೇಟಿನ ಹೊರಪಕ್ಕದ ಸೈಕಲ್ ಶೆಡ್ಡಿನಲ್ಲೇ ಶಿಬಿರ. ಮೊಬೈಲಿನಲ್ಲಿ ಸರ್ಟಿಫಿಕೇಟ್ ನೋಡಿ ಒಳಗೆ ಬಿಡುವ ಅಧಿಕಾರ ಯಾರಿಗೆ? ಮಾವನಿಗೇ! ಪಟ್ಟಿ ಬರೆಯುವ ಕೆಲಸ ನನಗೆ.

"ಮಾವ, ನಿಮ್ಮದು?"

"ನೋಟೀಸ್ನ ನೆಟ್ಟಗೆ ಓದ್ಲಾ ಅಳಿಮಯ್ಯ. ಗೇಟ್ ಒಳೀಕೆ ಬರಂಗಿಲ್ಲ ಅಂತ ತಾನೆ ಬರ್ದಿರದು? ನಾನೆಲ್ಲಿ ಒಳೀಕೆ ಬಂದೆ?"

ನೋಡುತ್ತೇನೆ, ಕುರ್ಚಿ ಗೇಟಿನಿಂದ ಒಂದು ಮಾರು ಆಚೆ, ರಸ್ತೆ ಬದಿಯಲ್ಲಿದೆ! ಅಂದಿನಿಂದ ಅವರ ಊಟದ ಡಬ್ಬಿ ಗೇಟಿನ ಕಂಬಿಗಳ ಸಂದಿಯಲ್ಲಿ ಹೋಗಿಬರತೊಡಗಿತು. ಬೋನಿನಲ್ಲಿರುವುದು ಅವರೋ ನಾನೋ ಎಂದು ನನಗೇ ಅನುಮಾನ.

ಮೊದಲ ಶಿಬಿರದ ದಿನ ಮಾವ, "ಖಾಲಿ ಹೊಟ್ಟೇಲಿ ಚುಚ್ಚುಸ್ಕೋಬಾರ್ದಂತೆ" ಅಂದರು. ಟೈಲರ್ ಹೆಣ್ಣುಮಕ್ಕಳು ಪ್ರೀತಿಯಿಂದ ಆರು ಇಡ್ಲಿ ತಂದುಕೊಟ್ಟರು. ಆರನ್ನೂ ಮುಗಿಸಿ, "ಈಗ ಚುಚ್ಚುದ್ರೆ ಹೊಟ್ಟೆ ಒಡ್ದೋಯ್ತದೆ ಕಣ್ರವ್ವಾ!" ಅಂದರು.

"ಚುಚ್ಚೋದು ತೋಳಿಗೆ, ಯಜಮಾನ್ರೇ!" ಎಂದು ನರ್ಸಮ್ಮ ಕೂಗುವಷ್ಟರಲ್ಲಿ ಮಾವ ರಸ್ತೆಯ ಆ ಬದಿಗೆ ದಾಟಿಯಾಗಿತ್ತು.

ಮ್ಯಾನೇಜರ ತಾಳ್ಮೆ ಮುಗಿಯಿತು. ಶನಿವಾರದ ಶಿಬಿರದಲ್ಲಿ ಹಾಕಿಸದಿದ್ದರೆ ಸೋಮವಾರದಿಂದ ಬೇರೆ ವಾಚ್‌ಮನ್ ಅಂದರು. "ಬರ್ಲಿ ಬಿಡು" ಎಂದು ಮಾವ ಮೀಸೆ ತಿರುವಿದರು.

ಆ ಶನಿವಾರ ಶೆಟ್ಟಿಹಳ್ಳಿ ಕಡೆಯಿಂದ ಬರುವ ಒಬ್ಬ ಟೈಲರ್ ಹೆಣ್ಣುಮಗಳು ಶೆಡ್ಡಿನ ಬಾಗಿಲವರೆಗೆ ಬಂದು ನಿಂತುಬಿಟ್ಟಳು. ಎಂಟು ತಿಂಗಳ ಕೂಸಿನ ತಾಯಿ. ಲಸಿಕೆ ಹಾಕಿಸಿದರೆ ಎದೆಹಾಲು ಬತ್ತುತ್ತದೆಂದು ಯಾರೋ ಹೆದರಿಸಿದ್ದರು. ಹಾಗೇನೂ ಆಗುವುದಿಲ್ಲವೆಂದು ಡಾಕ್ಟರು ಹೇಳಿದರು, ನಾನೂ ಹೇಳಿದೆ. ಕೇಳಲಿಲ್ಲ.

"ಡಾಕ್ಟ್ರೇ ಹೇಳವ್ರಲ್ಲವ್ವ. ಹಾಕುಸ್ಕೊ, ಸುಮ್ನೆ ಕೆಲ್ಸ ಕಳ್ಕೋಬ್ಯಾಡ" ಅಂದರು ಮಾವ.

"ನೀವು ಹಾಕುಸ್ಕೊಂಡ್ರಾ ಅಣ್ಣ?"

ಮಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. "ಇಲ್ಲ ಕಣವ್ವ."

"ಗಂಡ್ಸು ನೀವೇ ಹಿಂಗೆ ಆಚೆ ಕುಂತಿದ್ದೀರಿ. ನಾನು ಊರಿಗೆ ಓಯ್ತೀನಿ ಬಿಡಿ." ಕಣ್ಣೊರೆಸಿಕೊಂಡು ಬಸ್ ಸ್ಟಾಪಿನ ಕಡೆ ತಿರುಗಿದಳು.

ಮಾವ ದಡಕ್ಕನೆ ಎದ್ದರು. "ನಿಂತ್ಕೊ ತಾಯಿ!" ಎಂದವರೇ ಶೆಡ್ಡಿಗೆ ನುಗ್ಗಿ ಅಂಗಿ ತೋಳು ಮಡಿಸಿದರು. ಇನ್ನೊಂದು ಕೈಯಲ್ಲಿ ನನ್ನ ಬೆರಳುಗಳನ್ನು ಹಿಡಿದರು ನೋಡಿ, ಒಂದು ವಾರ ನನಗೆ ಪೆನ್ನು ಹಿಡಿಯಲಾಗಲಿಲ್ಲ!

"ಆಯ್ತು" ಅಂದರು ನರ್ಸಮ್ಮ.

"ಏನಾಯ್ತು?"

"ಚುಚ್ಚಿದ್ದಾಯ್ತು."

"ಆಗೋಯ್ತಾ!" ಎಂದು ಮಾವ ಆಶ್ಚರ್ಯಪಟ್ಟರು, ಪಟ್ಟು, ಮೆತ್ತಗೆ ನನ್ನ ಮೇಲೆ ಒರಗಿ ಜ್ಞಾನ ತಪ್ಪಿದರು.

ಆ ಹೆಣ್ಣುಮಗಳು ಅಳು ಮರೆತು ನಕ್ಕಳು. ಓಡಿಹೋಗಿ ನೀರು ತಂದು ಅವರ ಮುಖಕ್ಕೆ ಚಿಮುಕಿಸಿದಳು. ಅವರು ಕಣ್ಣು ಬಿಟ್ಟ ಮೇಲೆ ತಾನೇ ಹೋಗಿ ನರ್ಸಮ್ಮನ ಮುಂದೆ ಕೂತಳು.

ಬೆಂಚಿನ ಮೇಲೆ ಮಲಗಿದ್ದ ಮಾವನನ್ನು ನೋಡಿ ನನಗೂ ನಗು ತಡೆಯಲಾಗಲಿಲ್ಲ.

"ನಗಬ್ಯಾಡ ಕಣ್ಲಾ" ಅಂದರು. "ನಾವು ಚಿಕ್ಕೋರಿದ್ದಾಗ ದಡಾರ ಬರ್ದಂಗೆ ಚುಚ್ಚೋರು ಊರಿಗೆ ಬಂದ್ರು. ನಾನು ಓಡೋಗಿ ಹುಲ್ಲಿನ ಮೆದೆ ಹಿಂದೆ ಬಚ್ಚಿಟ್ಕೊಂಡೆ. ನಿಮ್ಮ ಚಿಕ್ಕವ್ವ ನನ್ನ ಹಿಂದೇನೇ ಓಡಿಬಂದ್ಲು. ಅಣ್ಣ ಏನು ಮಾಡುದ್ರೆ ಅವಳೂ ಅದ್ನೇ ಮಾಡೋಳು. ಆಮೇಲೆ ಅವ್ಳಿಗೆ ದಡಾರ ಬಂತು. ಕಿವಿ ಹೋಯ್ತು."

ಚಿಕ್ಕಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು ಎಂದುಕೊಂಡಿದ್ದೆ ನಾನು.

ಮರುದಿನ ಮಾವ ಹೊಳೆನರಸೀಪುರದ ಬಸ್ಸು ಹತ್ತಿದರು. ಜೊತೆಗೆ ನಾನೂ ಹೋದೆ. ಚಿಕ್ಕಮ್ಮ ಬಾಗಿಲು ತೆಗೆಯುತ್ತಲೇ ಮಾವ ಅಂಗಿ ತೋಳು ಮಡಿಸಿ, ಚುಚ್ಚಿದ ಜಾಗವನ್ನು ಬೆರಳಿಟ್ಟು ತೋರಿಸಿದರು. ಚಿಕ್ಕಮ್ಮ ಹತ್ತಿರ ಬಂದು ಹುಡುಕಿದರು. ಅಲ್ಲಿ ಒಂದು ಚುಕ್ಕೆಯೂ ಉಳಿದಿರಲಿಲ್ಲ. ಆದರೂ ಅಣ್ಣನ ತೋಳನ್ನು ಎರಡು ಕೈಯಲ್ಲೂ ಹಿಡಿದು, ಬಾಗಿ, ಉಫ್ ಎಂದು ಊದಿದರು.