ಕೋಳಿಗಳಿಗೊಂದು ಸಮವಸ್ತ್ರ

"ಅಂಕೆಗೆ ಸಿಗದ ಮಕ್ಕಳನ್ನೇ ಮೂವತ್ತೆಂಟು ವರ್ಷ ದಾರಿಗೆ ತಂದವನು ನಾನು! ಒಂದು ಕೋಳಿಯ ಕಾಲು ಯಾವ ಮಹಾ? ನೀನು ನಿಶ್ಚಿಂತೆಯಿಂದ ಹೋಗಿ ಬಾ."

ನಿವೃತ್ತ ಮೇಷ್ಟ್ರು ಹೀಗೆ ಎದೆಯುಬ್ಬಿಸಿ ಅಭಯ ನೀಡಿದರೂ ಹೆಂಡತಿ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದರು. ತಂಗಿಯ ಮನೆಗೆ ಹೊರಟಿದ್ದರೂ ಅವರ ಜೀವವೆಲ್ಲ ಹಿತ್ತಿಲಲ್ಲಿತ್ತು. ಅಲ್ಲಿದ್ದ ಮೂರು ಕಂದು ಹೇಂಟೆಗಳಲ್ಲಿ ಒಂದಕ್ಕೆ ಅಂಗಾಲಲ್ಲಿ ಗಾಯ. ಮರಿಯಾಗಿದ್ದಾಗಿನಿಂದ ಅದನ್ನು ಮಡಿಲಲ್ಲಿಟ್ಟು ಸಾಕಿದವರು ಅವರು.

"ದಿನಾ ಮುಲಾಮು ಹಚ್ಚಿ ಪಟ್ಟಿ ಬದಲಾಯಿಸಿ, ಸಾಕು. ನಿಮ್ಮ ಸ್ವಂತ ಬುದ್ಧಿ ಓಡಿಸ್ಬೇಡಿ. ಅದಕ್ಕೇನಾದ್ರೂ ಆಯ್ತೋ, ಎರಡು ದಿನ ಬಿಟ್ಟು ಬಂದ್ಮೇಲೆ ನಿಮ್ಮ ಜೊತೆ ಮಾತೂ ಆಡಲ್ಲ!"

ಮೊದಲ ದಿನ ಮುಲಾಮು, ಪಟ್ಟಿ ಎಲ್ಲವೂ ಸಾಂಗವಾಗಿ ನಡೆಯಿತು. ಆದರೆ ಬಿಳಿಯ ಪಟ್ಟಿ ಕಂಡದ್ದೇ ತಡ, ಉಳಿದೆರಡು ಹೇಂಟೆಗಳು ಬಂದು ಅದನ್ನು ಕುಕ್ಕತೊಡಗಿದವು. ಮೇಷ್ಟ್ರ ನ್ಯಾಯಬುದ್ಧಿ ಕೆರಳಿತು!

"ಏನ್ರೇ, ನೊಂದವಳನ್ನ ಅಣಕಿಸ್ತೀರಾ? ಎಲ್ಲರಿಗೂ ಒಂದೇ ಸಮವಸ್ತ್ರ ಆಗ್ಲಿ, ಆಮೇಲೆ ನೋಡೋಣ!"

ಬಿಳಿಯ ಹೊಸ ದಿಂಬಿನ ಚೀಲವೊಂದು ಪರ್ರೆಂದು ಹರಿಯಿತು. ಎರಡಕ್ಕೂ ಕಾಲುಪಟ್ಟಿ ಬಿತ್ತು. ಕುಕ್ಕಾಟ ತಕ್ಷಣ ನಿಂತಿತು; ಮೂರು ಹೇಂಟೆಗಳೂ ಕಾಲನ್ನು ಎದೆಯವರೆಗೆ ಎತ್ತಿ ಎತ್ತಿ ಇಡುತ್ತ ಹಿತ್ತಿಲಲ್ಲಿ ಕವಾಯತು ನಡೆಸಿದವು. ಸಮಾನತೆಯ ಆ ಮಹಾದೃಶ್ಯಕ್ಕೆ ಮೇಷ್ಟ್ರ ಕಣ್ಣು ತೇವವಾಯಿತು.

ಮರುದಿನ ಮುಲಾಮು ಹಿಡಿದು ಬಂದಾಗಲೇ ಎಡವಟ್ಟು ಹೊಳೆದದ್ದು. ಗಾಯವಾದದ್ದು ಯಾವುದಕ್ಕೆ? ಮೂರೂ ಒಂದೇ ಬಣ್ಣ, ಮೂರಕ್ಕೂ ಒಂದೇ ಕುಂಟು!

ಬಿಚ್ಚಿ ನೋಡಲು ಹಿಡಿಯಹೋದರೆ ಒಂದು ಒಣಹಾಕಿದ ಬಟ್ಟೆಗಳೊಳಗೆ ನುಗ್ಗಿತು, ಇನ್ನೊಂದು ಸೌದೆರಾಶಿಯ ಹಿಂದೆ ಸೇರಿತು, ಮೂರನೆಯದು ಮೇಷ್ಟ್ರ ಕಾಲ ಸಂದಿಯಿಂದಲೇ ಪಾರಾಯಿತು. ಪಕ್ಕದ ಮನೆಯ ದರ್ಜಿ ಗೋಡೆಯ ಮೇಲಿಂದ ಇಣುಕಿದ.

"ಏನ್ ಸಾರ್, ಏನು ಕದ್ದವು?"

"ಸುಮ್ನಿರಯ್ಯಾ, ಶುಶ್ರೂಷೆ ಮಾಡ್ತಿದೀನಿ!" ಎನ್ನುತ್ತಲೇ ಮೇಷ್ಟ್ರು ಬಕೆಟ್ಟು ಎಡವಿ ದೊಪ್ಪನೆ ಬಿದ್ದರು. ಪಾದ ಉಳುಕಿತು. ದಿಂಬಿನ ಚೀಲದ ಉಳಿದ ತುಂಡು ಅವರ ಕಾಲಿಗೇ ಆಯಿತು. ಮೆಟ್ಟಿಲ ಮೇಲೆ ಕುಳಿತರೆ ಮೂರು ಹೇಂಟೆಗಳೂ ಬಂದು ಆ ಪಟ್ಟಿಯನ್ನು ಕುಕ್ಕಬೇಕೇ!

ಮೂರನೆಯ ದಿನ ಹೆಂಡತಿ ಬಂದು ಹಿತ್ತಿಲ ಬಾಗಿಲಲ್ಲಿ ಕಲ್ಲಾದರು.

"ಒಂದು ಕುಂಟು ಬಿಟ್ಟು ಹೋಗಿದ್ದೆ. ನಾಲ್ಕು ಮಾಡಿಟ್ಟಿದೀರಲ್ಲಾ!"

ಹೆಂಡತಿ ನೆಲದ ಮೇಲೆ ಕುಳಿತು "ಬಾ ಬಾ" ಎಂದದ್ದಷ್ಟೇ. ಒಂದು ಹೇಂಟೆ ನೇರವಾಗಿ ಮಡಿಲೇರಿತು. ಪಟ್ಟಿ ಬಿಚ್ಚುವಾಗ ಮೇಷ್ಟ್ರು ಕುತ್ತಿಗೆ ಚಾಚಿ ನೋಡಿದರು. ದೇವರು ದೊಡ್ಡವನು, ಗಾಯ ಒಣಗಿತ್ತು!

"ನೋಡಿದೆಯಾ ನನ್ನ ಚಿಕಿತ್ಸೆ!" ಎಂದು ಜಿಗಿದೆದ್ದವರು "ಅಯ್ಯಯ್ಯೋ!" ಎಂದು ಕುಸಿದರು.

ಅಷ್ಟರಲ್ಲಿ ಮಗಳ ಫೋನು ಬಂತು. ಹೆಂಡತಿ ಕೋಳಿಯ ಬೆನ್ನು ಸವರುತ್ತಲೇ ಉತ್ತರಿಸಿದರು:

"ಹೂಂ ಕಣೇ, ಕೋಳಿಗಳು ಚೆನ್ನಾಗಿವೆ. ಕುಂಟ್ತಿರೋದು ನಿಮ್ಮಪ್ಪ ಒಬ್ರೇ… ಏನ್ಮಾಡೋದು, ಮೊಟ್ಟೆ ಇಡದಿದ್ರೂ ಸಾಕ್ಬೇಕಲ್ಲ!"