ಪಾಸ್‌ಪೋರ್ಟ್ ಇಲ್ಲದ ಭಾವನ ವಿದೇಶಾಂಗ ನೀತಿ

ನನ್ನ ಭಾವನಿಗೆ ಪಾಸ್‌ಪೋರ್ಟ್ ಇಲ್ಲ. ಆದರೆ ಈ ಭೂಮಿಯ ಮೇಲೆ ಅವರು ಯುದ್ಧ ಸಾರದೆ ಬಿಟ್ಟ ದೇಶವೂ ಇಲ್ಲ! ಅವರು ಕಣ್ಣಾರೆ ಕಂಡ ಏಕೈಕ ಪಶ್ಚಿಮವೆಂದರೆ ಡೊಂಬಿವಲಿ ಪಶ್ಚಿಮ. ಅಲ್ಲಿಗೂ ಸ್ಟೇಷನ್ನಿನ ಸೇತುವೆ ದಾಟಿ ಹೋಗುವುದು ಹಲ್ಲುನೋವು ತಡೆಯಲಾರದೆ ಹೋದಾಗ ಮಾತ್ರ. ಅವರ ಹಲ್ಲಿನ ಡಾಕ್ಟರು ಅಲ್ಲಿದ್ದಾರೆ. ಉಳಿದ ದಿನವೆಲ್ಲ ಮುಂಬಯಿ ಹೊರವಲಯದ ಈ ಡೊಂಬಿವಲಿಯ ಪೂರ್ವದಲ್ಲಿರುವ ನಮ್ಮ ಸೊಸೈಟಿಯ ಮೂರನೇ ಮಹಡಿಯಲ್ಲಿ, ಸೋಫಾದ ಎಡತುದಿಗೆ ಕೂತು, ಕೈಯಲ್ಲಿ ರಿಮೋಟ್ ಹಿಡಿದು ಜಗತ್ತನ್ನು ನಡೆಸುತ್ತಾರೆ. ಜಗತ್ತು ಅವರ ಮಾತು ಕೇಳುವುದಿಲ್ಲ. ಅವರ ಬಿಪಿಗೆ ಅದೇ ಕಾರಣ.

ಭಾವ ಎಂದರೆ ನನ್ನ ಅಕ್ಕನ ಗಂಡ, ಉಡುಪಿ ಕಡೆಯವರು. ನವಿ ಮುಂಬಯಿಯ ರಬಾಳೆಯಲ್ಲಿ ಒಂದು ಕಾರ್ಖಾನೆಯ ಸ್ಟೋರ್ಸ್ ನೋಡಿಕೊಂಡು ನಿವೃತ್ತರಾದವರು. ನೌಕರಿ ಇದ್ದಷ್ಟು ದಿನ ಅವರ ಸಿಟ್ಟನ್ನು ಲೋಕಲ್ ಗಾಡಿ ಹೊತ್ತುಕೊಳ್ಳುತ್ತಿತ್ತು. ಡೊಂಬಿವಲಿಯಿಂದ ಠಾಣೆ ಜಂಕ್ಷನ್ನಿನವರೆಗೆ ನಿಂತುಕೊಂಡು ಹೋಗುವಷ್ಟರಲ್ಲಿ ಯಾವುದಾದರೊಂದು ದೇಶದ ಸರ್ಕಾರ ಉರುಳಿಸಿ, ಠಾಣೆಯಲ್ಲಿ ಗಾಡಿ ಬದಲಿಸಿ ರಬಾಳೆ ಮುಟ್ಟುವಷ್ಟರಲ್ಲಿ ಅಲ್ಲಿ ಹೊಸ ಸರ್ಕಾರ ಕೂರಿಸುತ್ತಿದ್ದರು. ನಿವೃತ್ತಿಯಾದ ಮೇಲೆ ಅಷ್ಟೂ ಸಿಟ್ಟು ಪೆನ್ಶನ್ನಿನ ಜೊತೆ ಮನೆಗೆ ಬಂತು. ಅವರ ಕೆಳಗಿನ ಮಹಡಿಯಲ್ಲೇ ಸಂಸಾರ ಹೂಡಿರುವ ನನ್ನ ಪಾಡು ಏನಾಗಿರಬೇಡ, ನೀವೇ ಹೇಳಿ!

ಭಾವನ ಪರಮ ವೈರಿ ಯಾರು ಗೊತ್ತೆ? ಉಗ್ರರಲ್ಲ, ಅವರನ್ನು ಸಾಕುವ ದೇಶಗಳೂ ಅಲ್ಲ. ಟಿವಿಯಲ್ಲಿ ಬಂದು ಮೆತ್ತಗೆ ಮಾತಾಡುವ ನಮ್ಮದೇ ಸರ್ಕಾರದ ವಕ್ತಾರ! ಎಲ್ಲೋ ಬಾಂಬು ಸಿಡಿದಿರುತ್ತದೆ, ಎಲ್ಲೋ ದಂಗೆ ಎದ್ದಿರುತ್ತದೆ. ಆ ಪುಣ್ಯಾತ್ಮ ಕಾಗದ ನೋಡಿಕೊಂಡು, "ಭಾರತ ತೀವ್ರ ಕಳವಳ ವ್ಯಕ್ತಪಡಿಸುತ್ತದೆ. ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸುತ್ತಿದ್ದೇವೆ. ಎಲ್ಲರೂ ಸಂಯಮ ತೋರಬೇಕು" ಎನ್ನುತ್ತಾನೆ. ಭಾವ ಸೋಫಾದಿಂದ ಎದ್ದೇಬಿಡುತ್ತಾರೆ.

"ಕಳವಳವಂತೆ ಕಳವಳ! ನೀರು ಬಾರದಿದ್ರೆ ನಮ್ಮ ಸೊಸೈಟಿ ಸೆಕ್ರೆಟರಿ ಸಹ ಕಳವಳ ಪಡ್ತಾನೆ, ನೀರು ಬರ್ತದಾ? ಗಮನಿಸ್ಲಿಕ್ಕೆ ಅದೆಂಥ ಒಲೆ ಮೇಲಿಟ್ಟ ಹಾಲಾ?"

ಒಳಗಿನಿಂದ ಅಕ್ಕ ಹೇಳುತ್ತಾಳೆ: "ಹಾಲು ನೋಡ್ಲಿಕ್ಕೆ ನಿಮ್ಮತ್ರ ಹೇಳಿದ್ದೆ. ಅದು ಉಕ್ಕಿ ಹೋಗಿ ಹತ್ತು ನಿಮಿಷ ಆಯ್ತು."

ಮಾತಿನಲ್ಲೇ ಮುಗಿದಿದ್ದರೆ ಸಹಿಸಬಹುದಿತ್ತು. ಒಂದು ದಿನ ಸುದ್ದಿ ಬಂತು. ಬಂದೂಕು ಹಿಡಿದವರೇ ಗದ್ದುಗೆ ಹಿಡಿದಿರುವ ಒಂದು ದೇಶಕ್ಕೆ ನಮ್ಮ ಅಧಿಕಾರಿಗಳು ಹೋಗಿ, ಅವರ ಜೊತೆ ಚಹಾ ಕುಡಿದು, ಮಾತುಕತೆ ಆಡಿ ಬಂದರಂತೆ. ಗೋಧಿಯನ್ನೂ ಕಳಿಸುತ್ತಾರಂತೆ. ಭಾವನಿಗೆ ಮೈಯೆಲ್ಲ ಉರಿ. "ಸರ್ಕಾರಕ್ಕೆ ಬೆನ್ನೆಲುಬಿಲ್ಲದಿದ್ರೆ ನಮ್ಮ ಮನೆಗಾದ್ರೂ ಇರ್ಲಿ" ಎಂದವರೇ ಅಡಿಗೆಮನೆಗೆ ನುಗ್ಗಿ ಇಂಗಿನ ಡಬ್ಬಿ ಹೊರಗೆ ತಂದರು. ಇಂಗು ಆ ದೇಶದ ಗುಡ್ಡಗಳಿಂದ ಬರುವುದು ಎಂದು ಯಾರೋ ವಾಟ್ಸಾಪಿನಲ್ಲಿ ಹಾಕಿದ್ದರು.

"ನಿನ್ನ ಸಾರಿನ ದುಡ್ಡಲ್ಲಿ ಅವರು ಗುಂಡು ಕೊಂಡ್ಕೊಳ್ತಾರೆ, ಗೊತ್ತುಂಟಾ? ಇವತ್ತಿಂದ ಈ ಮನೆಯಲ್ಲಿ ಇಂಗು ಬಂದ್!"

ಅಯ್ಯೋ ದೇವರೇ, ಇಂಗಿಲ್ಲದ ಸಾರು! ಕರಾವಳಿಯ ಹೆಂಗಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವ ವಿಶ್ವಸಂಸ್ಥೆ ಕೊಟ್ಟೀತು? ಅಕ್ಕ ಜಗಳವಾಡಲಿಲ್ಲ. ಮರುದಿನದಿಂದ ಸಾರಿನ ಪಾತ್ರೆಗೆ ಮುಚ್ಚಳ ಹಾಕಿಕೊಂಡು ಕೆಳಗೆ ನನ್ನ ಮನೆಗೆ ಇಳಿದು ಬಂದಳು. ನನ್ನ ಒಲೆ, ನನ್ನ ತುಪ್ಪ, ನನ್ನ ಇಂಗು. ಚುಂಯ್ ಎಂದು ಒಗ್ಗರಣೆ ಹಾಕಿಕೊಂಡು ಮೇಲಕ್ಕೆ ಹೋಗುವಳು. ಭಾವ ಸುರಿದು ಸುರಿದು ಉಂಡು, "ಕಂಡ್ಯಾ? ಇಂಗಿಲ್ಲದೆಯೂ ಸಾರು ಹೇಗೆ ಘಮಘಮ ಹೇಳ್ತದೆ! ಸ್ವಾವಲಂಬನೆ ಅಂದ್ರೆ ಇದು" ಎಂದು ನನಗೇ ಪಾಠ ಹೇಳಿದರು. ನಾನು ತುಟಿ ಕಚ್ಚಿಕೊಂಡೆ.

ಗುಟ್ಟು ಒಮ್ಮೆ ಬಯಲಾಗುವುದರಲ್ಲಿತ್ತು. ಅವರಿಗೆ ಒಬ್ಬನೇ ಮಗ, ಸರಕು ಹಡಗಿನಲ್ಲಿ ಎಂಜಿನಿಯರ್. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವನು. ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ರಜೆಗೆ ಬಂದವನು ಮೊದಲ ತುತ್ತಿಗೇ ಕಣ್ಣರಳಿಸಿ, "ಅರೇ ಮಮ್ಮಿ, ಸಾರ್ ಮೇ ತೋ ಇಂಗ್..." ಎಂದ. ಅಕ್ಕ ಮೇಜಿನ ಕೆಳಗೆ ಅವನ ಕಾಲು ತುಳಿದಳು. "ಇಂಗ್ ನಹೀ ಹೈ ತೋ ಭೀ ಮಸ್ತ್ ಹೈ" ಎಂದು ಹುಡುಗ ಮಾತು ತಿರುಗಿಸಿದ. ಹಡಗಿನವನಲ್ಲವೆ, ಗಾಳಿ ಯಾವ ಕಡೆ ಬೀಸುತ್ತದೆಂದು ಅವನಿಗೆ ಗೊತ್ತಾಗುತ್ತದೆ.

ಠಾಣೆ ಪಟ್ಟಣದ ಒಂದು ಹಾಲ್‌ನಲ್ಲಿ ನಡೆದ ನನ್ನ ಮಗಳ ನಿಶ್ಚಿತಾರ್ಥದ ಕಥೆ ಹೇಳದಿದ್ದರೆ ನನ್ನ ಹೊಟ್ಟೆಯುರಿ ತಣಿಯುವುದಿಲ್ಲ. ಉಂಗುರ ಬದಲಾಯಿಸುವ ಹೊತ್ತು. ಗಂಡಿನ ತಂದೆ ಯಾವುದೋ ದೇಶದ ಗಲಭೆಯ ಮಾತು ಬಂದಾಗ, ಪಾಪ, "ಏನೇ ಆಗಲಿ, ಕೂತು ಮಾತಾಡಿ ಬಗೆಹರಿಸ್ಕೋಬೇಕ್ರೀ" ಎಂದುಬಿಟ್ಟರು. ಧಾರವಾಡದ ಕಡೆಯ ಸಾಧು ಮನುಷ್ಯ. ಭಾವ ಎದ್ದು ನಿಂತು, "ಇಂಥ ಹೇಡಿಗಳ ಮನೆಗೆ ಹೆಣ್ಣು ಕೊಡುದಾ ನಾವು?" ಎಂದು ಗುಡುಗಿದರು. ಗಂಡಿನ ಕಡೆಯ ಹೆಂಗಸರು ಜಗಳ ಬಂಗಾರದ್ದೇ ಎಂದು ತಿಳಿದು ತಮ್ಮ ತಮ್ಮ ಬಳೆ ಮುಟ್ಟಿ ನೋಡಿಕೊಂಡರು. ಅಕ್ಕ ಗಂಡನ ರಟ್ಟೆ ಹಿಡಿದು ಐಸ್‌ಕ್ರೀಮ್ ಕೊಡುವಲ್ಲಿಗೆ ಎಳೆದುಕೊಂಡು ಹೋದಳು. ಬೀಗರು ದೊಡ್ಡ ಮನಸ್ಸಿನವರು, ಕೂತು ಮಾತಾಡಿ ಬಗೆಹರಿಸಿಕೊಂಡರು. ಆ ಮದುವೆ ನಡೆದದ್ದೇ ಅವರ ನೀತಿಯಿಂದ, ಭಾವನ ನೀತಿಯಿಂದಲ್ಲ!

ಹೀಗಿರುವಾಗ ಒಂದು ಮಧ್ಯಾಹ್ನ ನವಿ ಮುಂಬಯಿಯ ಸೀವುಡ್ಸ್‌ನ ಒಂದು ಆಫೀಸಿನಿಂದ ಫೋನ್ ಬಂತು. ಹುಡುಗನನ್ನು ಹಡಗಿಗೆ ಕಳಿಸಿದ ಕಂಪನಿ ಅದು. ದೂರದ ಸಮುದ್ರದಲ್ಲಿ ಬಂದೂಕುಧಾರಿಗಳು ಹಡಗು ಹತ್ತಿ, ಅದನ್ನು ತಮ್ಮ ದಡಕ್ಕೆ ಎಳೆದುಕೊಂಡು ಹೋಗಿದ್ದಾರೆ. ಎಲ್ಲರೂ ಜೀವಂತ ಇದ್ದಾರೆ, ಆದರೆ ಹುಡುಗರ ಜೊತೆ ಮಾತಾಡಲು ಆಗುವುದಿಲ್ಲ. ಸರ್ಕಾರಕ್ಕೆ ತಿಳಿಸಿದ್ದೇವೆ ಎಂದರು.

ಈಗಲೇ ಹೇಳಿಬಿಡುತ್ತೇನೆ, ಹುಡುಗ ಕ್ಷೇಮವಾಗಿ ಮನೆಗೆ ಬಂದಿದ್ದಾನೆ. ಇಲ್ಲದಿದ್ದರೆ ಭಾವನನ್ನು ಆಡಿಕೊಳ್ಳುವ ಈ ಬರಹಕ್ಕೆ ನಾನು ಕೈ ಹಾಕುತ್ತಲೇ ಇರಲಿಲ್ಲ. ಆದರೆ ಆ ದಿನಗಳಲ್ಲಿ ಅದು ಗೊತ್ತಿರಲಿಲ್ಲವಲ್ಲ! ಅಕ್ಕ ಅಳಲಿಲ್ಲ. ಪಾತ್ರೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು.

ಸಂಜೆ ಹೊತ್ತು ಸೊಸೈಟಿಯ ಅಂಗಳದ ಬೆಂಚಿನಲ್ಲಿ ಭಾವನ ಜೊತೆ ಕೂರುವ ಗೆಳೆಯರು ಧೈರ್ಯ ಹೇಳಲು ಮೇಲೆ ಬಂದರು. ಇಷ್ಟು ವರ್ಷ ಭಾವನ ಬಾಯಿಂದಲೇ ವಿದೇಶಾಂಗ ನೀತಿ ಕಲಿತವರು. ಅವರಲ್ಲೊಬ್ಬ ಕಾಕಾ ಮೇಜು ಗುದ್ದಿ, "ಕಮಾಂಡೋ ಪಾಠವಾಯ್ಲಾ ಪಾಹಿಜೇತ್, ಬಸ್! ಕಮಾಂಡೋ ಕಳಿಸಿ ಎಲ್ಲಾ ಸಾಫ್ ಮಾಡ್ಬೇಕು!" ಎಂದರು. ಅದು ಅಕ್ಷರಶಃ ಭಾವನದೇ ಮಾತು. ಭಾವ ಅವರ ಮುಖವನ್ನೇ ನೋಡಿದರು.

"ಸಾಫ್ ಅಂದ್ರೆ ಎಂಥದು ಕಾಕಾ? ಒಳಗೆ ನನ್ನ ಮಗ ಇದ್ದಾನೆ."

ಟಿವಿಯಲ್ಲಿ ಒಬ್ಬ ಕೋಟಿನವನು ಕೂಡಲೇ ದಾಳಿ ಮಾಡಬೇಕೆಂದು ಕಿರುಚುತ್ತಿದ್ದ. "ಬಾಯಿ ಮುಚ್ಚು ಮಾರಾಯ, ಅವರಿಗೆ ಕೇಳ್ತದೆ!" ಎಂದು ಭಾವ ಆ ಚಾನೆಲ್ ಬದಲಿಸಿದರು. ಇನ್ನೊಂದರಲ್ಲಿ ಅದೇ ವಕ್ತಾರ ಬಂದ. ಕಾಗದ ನೋಡಿಕೊಂಡು ತೀವ್ರ ಕಳವಳ ಎಂದ, ಸೂಕ್ಷ್ಮವಾಗಿ ಗಮನಿಸುತ್ತಿದ್ದೇವೆ ಎಂದ, ಸಂಬಂಧಪಟ್ಟ ಎಲ್ಲರೊಂದಿಗೂ ಸಂಪರ್ಕದಲ್ಲಿದ್ದೇವೆ ಎಂದ. ಭಾವ ಎದ್ದು ಹೋಗಿ ಟಿವಿಯ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಸಂಪರ್ಕದಲ್ಲಿದ್ದೇವೆ ಅಂದ್ರೆ ಮಾತಾಡ್ತಾ ಇದ್ದಾರೆ ಅಂತ್ಲೇ ಅಲ್ವಾ? ಆ ಜನರ ಹತ್ರ ಸಹ ಮಾತಾಡ್ತಾರೆ ಅಲ್ವಾ?"

"ಹೌದು ಭಾವ. ಅವರ ಹತ್ರಾನೇ ಮಾತಾಡ್ತಾರೆ."

"ಆಡ್ಲಿ. ಎಷ್ಟು ಬೇಕಾದ್ರೂ ಆಡ್ಲಿ. ಚಹಾ ಬೇಕಾದ್ರೂ ಕುಡೀಲಿ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಈ ಮನುಷ್ಯನ ಮೇಲೆ ಇಷ್ಟು ವರ್ಷ ಕಟ್ಟಿಕೊಂಡಿದ್ದ ಸಿಟ್ಟು ಆ ಹೊತ್ತಿನಲ್ಲಿ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಆಮೇಲಿನ ದಿನಗಳು ಫೋನಿನ ಮುಂದೆ ಕಳೆದವು. ದಿಲ್ಲಿಯಿಂದ ಒಬ್ಬ ಹುಡುಗ ದಿನಾ ಫೋನ್ ಮಾಡುತ್ತಿದ್ದ. ದೊಡ್ಡ ಸಾಹೇಬನಲ್ಲ, ವಿದೇಶಾಂಗ ಇಲಾಖೆಯಲ್ಲಿ ಹೊಸದಾಗಿ ಸೇರಿದವನಿರಬೇಕು, ದನಿ ಇನ್ನೂ ಎಳೆಯದು. ಆ ಕಡೆಯವರ ಜೊತೆ ಫೋನಿನಲ್ಲಿ ಕೂರುವ ತಂಡದಲ್ಲಿ ತಾನೂ ಇದ್ದೇನೆ ಎಂದಿದ್ದ. ಮಾತುಕತೆ ನಡೆಯುತ್ತಿದೆ ಎಂದು ಹಿಂದಿಯಲ್ಲಿ ಹೇಳುವುದು ಅದೇ ಒಂದು ಮಾತು: "ಅಂಕಲ್, ಬಾತ್ ಚಲ್ ರಹೀ ಹೈ."

ಅವತ್ತು ಮಧ್ಯಾಹ್ನ ಊಟದ ಹೊತ್ತು ಮೀರಿತ್ತು. ಫೋನ್ ಬಂತು. ಭಾವ ಸ್ಪೀಕರ್ ಹಾಕಿದರು, ಅಕ್ಕ ಒದ್ದೆ ಕೈಯಲ್ಲೇ ಬಂದು ನಿಂತಳು. "ಅಂಕಲ್, ಇನ್ನೊಂದು ತಾಸಿಗೆ ಮತ್ತೆ ಅವರ ಜೊತೆ ಮಾತಿಗೆ ಕೂರುತ್ತೇವೆ. ಅವರು ಸ್ವಲ್ಪ ಮೆತ್ತಗಾದ ಹಾಗಿದೆ" ಎಂದು ಹಿಂದಿಯಲ್ಲಿ ಹೇಳಿದ ಹುಡುಗ. ದನಿ ಸೋತು ಹೋಗಿತ್ತು.

ಮಗನ ಬಗ್ಗೆ ಕೇಳುತ್ತಾರೆ ಎಂದುಕೊಂಡೆ. ಭಾವ ತಮ್ಮ ಉಡುಪಿ ಹಿಂದಿಯಲ್ಲಿ ಕೇಳಿದರು, "ಬೇಟಾ, ಖಾನಾ ಖಾಯಾ ಕ್ಯಾ?"

"ನಹೀ ಅಂಕಲ್. " ಬೆಳಗಿನಿಂದ ಅವನಿಗೆ ಟೈಮೇ ಸಿಕ್ಕಿಲ್ಲವಂತೆ.

"ಬೇಡ ಮಗಾ!" ಭಾವನ ಹಿಂದಿ ಅಲ್ಲಿಗೆ ಕೈಕೊಟ್ಟಿತು. ಕನ್ನಡ, ಹಿಂದಿ ಎಲ್ಲ ಕಲಸಿ ಹೋಯಿತು, ದಿಲ್ಲಿಯವನಿಗೆ ಎಷ್ಟು ತಿಳಿಯಿತೋ ದೇವರೇ ಬಲ್ಲ. "ಖಾಲಿ ಪೇಟ್ ಅವರ ಹತ್ರ ಮಾತಿಗೆ ಕೂರ್ಬೇಡ. ಹಸಿದಾಗ ಗುಸ್ಸಾ ಆತಾ ಹೈ. ಅವರು ಎಂಥದೇ ಹೇಳ್ಲಿ, ನಿಂಗೆ ಸಿಟ್ಟು ಬರ್ಬಾರ್ದು ಮಗಾ. ನಿಂಗೆ ಸಿಟ್ಟು ಬಂದ್ರೆ, ಅಲ್ಲಿ ನನ್ನ ಹುಡುಗ..."

ಆ ಕಡೆಯಿಂದ ಕುರ್ಚಿ ಎಳೆದ ಸದ್ದು ಕೇಳಿತು, ಊಟದ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು. "ಖಾ ರಹಾ ಹೂಂ ಅಂಕಲ್" ಎಂದ ಹುಡುಗ.

"ಉಣ್ಣು, ನಿಧಾನ ಉಣ್ಣು. ನಾನು ಲೈನಿನಲ್ಲೇ ಇರ್ತೇನೆ" ಎಂದರು ಭಾವ. ಅಷ್ಟು ದಿನ ಕಣ್ಣೀರು ಹಾಕದ ಅಕ್ಕ ಅವರ ಹೆಗಲಿಗೆ ಹಣೆ ಹಚ್ಚಿ ಅಳತೊಡಗಿದಳು. ದಿಲ್ಲಿಯ ಹುಡುಗ ಉಂಡು ಮುಗಿಸುವವರೆಗೆ ಭಾವ ಫೋನು ಕೆಳಗಿಡಲಿಲ್ಲ.