ಟವೆಲ್ ಮರೆಯ ಮಣಿಕಟ್ಟು

ಮನುಷ್ಯನಿಗೆ ಮುಖ ಇರುವುದೇ ಮನಸ್ಸನ್ನು ಮುಚ್ಚಿಡಲಿಕ್ಕೆ ಎಂದು ನಂಬಿದವನು ನಾನು. ದನದ ದಲ್ಲಾಳಿಗೆ ಇದಕ್ಕಿಂತ ದೊಡ್ಡ ಬಂಡವಾಳವಿಲ್ಲ. ನಮ್ಮ ಕಡೆಯ ಸಂತೆಯಲ್ಲಿ ಎತ್ತಿನ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಮೇಲೆ ಟವೆಲ್ ಹೊದಿಸಿ, ಅದರ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು, ಬೆರಳಿಗೆ ಇಷ್ಟು ಎಂದು ಚೌಕಾಸಿ ಮಾಡುತ್ತೇವೆ. ಸುತ್ತ ನಿಂತವರು ನಮ್ಮ ಮುಖ ನೋಡಿ ದರ ಊಹಿಸಬೇಕು. ನನ್ನ ಮುಖದಿಂದ ಯಾರಿಗೂ ಏನೂ ಸಿಕ್ಕಿದ್ದಿಲ್ಲ. ತನಗೂ ಸಿಕ್ಕಿಲ್ಲ ಎಂಬುದು ನನ್ನ ಹೆಂಡತಿಯ ಹಳೆಯ ದೂರು.

ಇಂಥ ಮುಖಕ್ಕೆ ದ್ರೋಹ ಬಗೆದದ್ದು ಬಲಗೈ ಮಣಿಕಟ್ಟು. ನೀರಿನ ಚೊಂಬು ಎತ್ತಿದರೂ ಜೀವ ಹೋದಂತಾಗುತ್ತಿತ್ತು. ಚನ್ನಗಿರಿಯ ಡಾಕ್ಟರು ಕೈಯನ್ನು ಹಿಂದೆ ಮುಂದೆ ಮಡಿಸಿ, ಹೆಬ್ಬೆರಳ ಬುಡ ಒತ್ತಿ, ಎಕ್ಸ್‌ರೇ ತೆಗೆಸಿದರು.

"ಹಿಂದೆ ಯಾವಾಗಾದ್ರೂ ಪೆಟ್ಟು ಬಿದ್ದಿತ್ತಾ?"

"ವಯಸ್ಸಿನಾಗೆ ಹೋರಿ ಎಳೆದು ಕೆಡವಿತ್ತು ಸಾರ್. ನಾಟಿ ಪಟ್ಟು ಹಾಕಿಸಿದ್ದೆ."

ಆಗ ಮೂಳೆ ಸರಿಯಾಗಿ ಕೂಡಿಲ್ಲವಂತೆ. ಕೀಲಿನ ನಡುವಿನ ಮೆತ್ತೆ ಸವೆದು, ಮೂಳೆಗೆ ಮೂಳೆ ತಿಕ್ಕುತ್ತಿದೆಯಂತೆ. "ಸವೆದದ್ದು ಮತ್ತೆ ಬೆಳೆಯಲ್ಲ, ನೋವು ಕಡಿಮೆ ಮಾಡಬಹುದು" ಎಂದು ಕೈಪಟ್ಟಿ, ಮುಲಾಮು, ಬಿಸಿನೀರಿನ ಶಾಖ, ಊಟವಾದ ಮೇಲೆ ಮಾತ್ರೆ ಹೇಳಿದರು. ಅದಕ್ಕೂ ನೋವು ಬಗ್ಗದಿದ್ದರೆ ಕೀಲಿಗೆ ಇಂಜೆಕ್ಷನ್. "ಸಂತೆ ಸಾಕು ಮಾಡ್ರಿ" ಎಂದೂ ಸೇರಿಸಿದರು. ಸಾಕು ಮಾಡುವುದಂತೆ! ಹೋರಿಗೇ ಹೆದರದವನು ಎಕ್ಸ್‌ರೇಗೆ ಹೆದರುತ್ತೇನೆಯೇ?

ಕೈಪಟ್ಟಿಯನ್ನು ಜೇಬಿಗಿಳಿಸಿ ಹೊನ್ನಾಳಿ ಸಂತೆಗೆ ಹೋದೆ. ಜಗಳೂರಿನ ಗಿರಾಕಿಯೊಬ್ಬರಿಗೆ ಎತ್ತು ಕೊಡಿಸಬೇಕಿತ್ತು. ಎತ್ತು ಮಾರಲು ಬಂದಿದ್ದ ಗೋವಿನಕೋವಿಯ ರೈತ ಟವೆಲ್ಲಿನೊಳಗೆ ನನ್ನ ಬೆರಳು ಹಿಡಿದು ಒಮ್ಮೆ ತಿರುವಿದ ನೋಡಿ, ನನ್ನ ಮುಖ ಹುಳಿ ಮಾವಿನಕಾಯಿ ಕಚ್ಚಿದಂತೆ ಹಿಂಡಿಹೋಯಿತು. ಕಣ್ಣಲ್ಲಿ ನೀರೂ ಬಂತು.

ಆತ ಗಾಬರಿಯಾದ. "ಯಾಕ್ರೀ ಯಜಮಾನ್ರೇ, ಅಷ್ಟು ಜಾಸ್ತಿ ಹೇಳಿದೆನೇನ್ರೀ? ಹೋಗ್ಲಿ ಬಿಡ್ರಿ" ಎಂದು ತಾನೇ ಒಂದು ಬೆರಳು ಇಳಿಸಿದ!

ಆಮೇಲೆ ನನ್ನನ್ನು ಹಿಡಿಯುವವರುಂಟೇ? ಆ ಯಪ್ಪ ಮುಖ ಕಿವುಚಿದರೆ ದರ ಇಳಿದೇ ಇಳಿಯುತ್ತೆ ಎಂದು ನಲ್ಲೂರಿನಿಂದೆಲ್ಲ ಗಿರಾಕಿಗಳು ಹುಡುಕಿಕೊಂಡು ಬಂದರು. ಇಂಜೆಕ್ಷನ್ ಎಂದವರ ಮೇಲೆ ಹರಿಹಾಯ್ದೆ. ನೋವು ನನ್ನದು, ಅದನ್ನು ಇಟ್ಟುಕೊಳ್ಳುವುದೋ ಬಿಡುವುದೋ ನನ್ನಿಷ್ಟ! ಆದರೆ ಅಂಗಿ ಗುಂಡಿ ಹಾಕಿಕೊಳ್ಳಲೂ ಆಗದೆ ಹೆಂಡತಿಯ ಮುಂದೆ ನಿಲ್ಲುವಂತಾದಾಗ ಅವಳೂ ತಿರುಗಿಬಿದ್ದಳು. "ಸಂತೆಗೆ ಹೋಗಾಕೆ ಬರುತ್ತಲ್ಲ, ಗುಂಡೀನೂ ನೀವೇ ಹಾಕ್ಕಳ್ರಿ." ಅಂಗಿ ತೆರೆದುಕೊಂಡು ಊರೊಳಗೆ ಎಷ್ಟು ದೂರ ಹೋಗಲಾದೀತು? ಹಲ್ಲು ಕಚ್ಚಿ ಇಂಜೆಕ್ಷನ್ ಚುಚ್ಚಿಸಿಕೊಂಡೆ.

ಕೆಲವೇ ದಿನದಲ್ಲಿ ನೋವು ತಗ್ಗಿತು. ಮುಂದಿನ ಸಂತೆಯಲ್ಲಿ ಇನ್ನೊಬ್ಬ ರೈತ ಎಷ್ಟು ತಿರುವಿದರೂ ಕೈ ಹಾಯಾಗಿತ್ತು. ದರ ಮಾತ್ರ ಅಲ್ಲಾಡಲಿಲ್ಲ. ವಿಧಿಯಿಲ್ಲದೆ ಹುಬ್ಬು ಗಂಟಿಕ್ಕಿ, ತುಟಿ ಸೊಟ್ಟ ಮಾಡಿ, "ಅಯ್ಯಯ್ಯೋ" ಎಂದು ನರಳಿದೆ.

ರೈತ ಟವೆಲ್ ತೆಗೆದು ನನ್ನನ್ನೇ ದಿಟ್ಟಿಸಿದ. "ಹೊಟ್ಟೆ ಗಿಟ್ಟೆ ಕೆಟ್ಟೈತೇನ್ರೀ? ಅಲ್ಲಿ ಸೋಡಾ ಅಂಗಡಿ ಐತೆ ನೋಡ್ರಿ."

ಇಂಜೆಕ್ಷನ್ ಸುದ್ದಿ ಆಗಲೇ ಕೇಳಿದ್ದ ನನ್ನ ಗಿರಾಕಿ ಮೆಲ್ಲಗೆ ಪಕ್ಕಕ್ಕೆ ಕರೆದ. "ಯಜಮಾನ್ರೇ, ಬೇಜಾರು ಮಾಡ್ಕಬ್ಯಾಡ್ರಿ. ಆ ಇಂಜೆಕ್ಷನ್ ಪವರ್ ಯಾವಾಗ ಇಳಿಯುತ್ತೆ? ಆವಾಗ್ಲೇ ಬರ್ತೀವಿ."

ಎಂಥ ಮಾತು! ನನಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವನೇ ಫೋನ್ ಹಿಡಿದು ಕೂತೆ. ಹೆಂಡತಿ ಹಿತ್ತಲಿಗೆ ಹೋಗುವವರೆಗೆ ಕಾದು, ಡಾಕ್ಟರಿಗೆ ಫೋನ್ ಮಾಡಿ, ದನಿ ತಗ್ಗಿಸಿ, ಗಿರಾಕಿ ಕೇಳಿದ್ದನ್ನೇ ಕೇಳಿದೆ.